ಕೊಟ್ಟಿಗೆ ವಾಸನೆಗೆ ಐದು ಸ್ಟಾರು

ಚಳಿ ಪೂರ್ತಿ ಬಿಟ್ಟಿರಲಿಲ್ಲ, ಬಿಸಿಲು ಪೂರ್ತಿ ಹಿಡಿದಿರಲಿಲ್ಲ. ಹಸಿ ಹುಲ್ಲು ಮುಗಿದು, ದನಗಳು ಒಲ್ಲದ ಮನಸ್ಸಿನಿಂದ ಒಣ ಹುಲ್ಲಿಗೆ ಬಾಯಿ ಹಾಕುವ ಕಾಲ. ಇಂಥ ದಿನಗಳಲ್ಲಿ ಹಾಲು ಕಡಿಮೆಯಾಗುತ್ತದೆ, ಹಾಲು ತರುವವರ ಮಾತು ಜಾಸ್ತಿಯಾಗುತ್ತದೆ. ಬೆಳಕು ಹರಿಯುವ ಮೊದಲೇ ಡೇರಿಯ ಮುಂದೆ ಕ್ಯಾನುಗಳ ಸಾಲು ಬೆಳೆದಿತ್ತು. ಸಾಲಿನ ತುದಿಗೆ, ಸಿಮೆಂಟು ಕಟ್ಟೆಯ ಮೇಲೆ, ತೊಳೆದೂ ತೊಳೆದೂ ಹಳದಿಗೆ ತಿರುಗಿದ ಬಿಳಿ ಕೋಟು ತೊಟ್ಟು, ಉದ್ದ ಹಿಡಿಯ ಸೌಟು ಹಿಡಿದು ಬೇಡಪ್ಪ ನಿಂತಿದ್ದ.

ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಈಗ ಸಂಬಳದ ಚೀಟಿಯ ಮೇಲೆ ಮಾತ್ರ ಬದುಕಿತ್ತು. ಹಾಲಿಗೆ ನೀರು ಬೆರೆಸಿದ್ದರೆ ಹೇಳಲು ಡೇರಿಯಲ್ಲಿ ಗಾಜಿನ ಕೊಳವೆ ಇತ್ತು, ಕೊಬ್ಬು ಎಷ್ಟಿದೆ ಎನ್ನಲು ಯಂತ್ರವಿತ್ತು. ವಾಸನೆ ಹೇಳಲು ಮಾತ್ರ ಯಾರೂ ಏನನ್ನೂ ಕಂಡುಹಿಡಿದಿರಲಿಲ್ಲವಾಗಿ ಬೇಡಪ್ಪನಿದ್ದ. ಕ್ಯಾನಿನ ಮುಚ್ಚಳ ತೆಗೆದ ಕೂಡಲೇ ಅವನು ಮೂಗನ್ನು ಒಳಗಿಳಿಸುವನು. ಆಮೇಲೆ ಸೌಟಿನಲ್ಲಿ ಒಂದು ಗುಟುಕು ತೆಗೆದು, ಒಂದು ಸುತ್ತು ತಿರುಗಿಸಿ, ಬಾಯಿಗೆ ಹಾಕಿಕೊಂಡು, ತುಟಿಯ ಸಂದಿಯಿಂದ ಸೊರ್ ಎಂದು ಗಾಳಿ ಎಳೆದು, ಕಣ್ಣು ಮುಚ್ಚಿ ಯೋಚಿಸಿ, ಪಕ್ಕದ ಚರಂಡಿಗೆ ಉಗುಳುವನು. ಸರಿಯಿದ್ದರೆ "ಹಾಕಿ" ಎನ್ನುವನು. ಹಾಲು ದೊಡ್ಡ ಟ್ಯಾಂಕಿಗೆ ಹೋಗುವುದು. ಸರಿಯಿಲ್ಲದಿದ್ದರೆ ದೋಷಗಳನ್ನು ಬಾಯಿಬಿಟ್ಟು ಹೇಳಿ, ಒಂದೊಂದು ದೋಷಕ್ಕೆ ಒಂದೊಂದು ನಕ್ಷತ್ರವನ್ನು ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಗೀಚಿ, ಕೊನೆಗೆ "ಬೇಡಪ್ಪ" ಎನ್ನುವನು. ಗಂಡಸರಿಗೂ ಬೇಡಪ್ಪ, ಹೆಂಗಸರಿಗೂ ಬೇಡಪ್ಪ. ಒಮ್ಮೆ ಸ್ವಂತ ಹೆಂಡತಿಯ ಎರಡು ಹಸುವಿನ ಹಾಲಿಗೂ ಬೇಡಪ್ಪ ಎಂದಿದ್ದ. ಆ ದಿನ ಅವನು ಎಲ್ಲಿ ಊಟ ಮಾಡಿದ ಎಂಬುದು ಯಾರಿಗೂ ತಿಳಿದಿಲ್ಲ. ಹೀಗೆ ಅವನೇ ಬೇಡಪ್ಪನಾದ.

ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರೆ. ಬೇಡಪ್ಪನ ನಾಲಿಗೆಗೆ ಇದ್ದದ್ದೇ ಎಲುಬು. ಅದರ ಸಲುವಾಗಿ ಅವನು ಈರುಳ್ಳಿ ಬಿಟ್ಟಿದ್ದ, ಹೊಗೆಸೊಪ್ಪು ಬಿಟ್ಟಿದ್ದ, ಬಿಸಿ ಟೀಯನ್ನು ಕೆಲಸ ಮುಗಿಯುವ ತನಕ ಮುಟ್ಟುತ್ತಿರಲಿಲ್ಲ. ಇಷ್ಟೆಲ್ಲ ತ್ಯಾಗ ಮಾಡಿದ ಮನುಷ್ಯನಿಗೆ ಸ್ವಲ್ಪ ಹೆಮ್ಮೆ ಬರುವುದು ಸಹಜ. ಬೇಡಪ್ಪನಿಗೆ ಸ್ವಲ್ಪಕ್ಕಿಂತ ಸ್ವಲ್ಪ ಹೆಚ್ಚು ಬಂದಿತ್ತು.

ಅಂದು ಸಾಲಿನಲ್ಲಿ ಎಮ್ಮೆ ಅಜ್ಜಿಯ ಸರದಿ ಬಂತು. ಮೂರು ಎಮ್ಮೆ, ಒಂದು ಕೋಲು, ಊರಿಗೆಲ್ಲ ಸಾಕಾಗುವಷ್ಟು ಬಾಯಿ, ಇಷ್ಟು ಅವಳ ಆಸ್ತಿ. ಬೇಡಪ್ಪ ಮೂಗಿಳಿಸಿದ, ಸೊರ್ ಎಂದ, ಉಗುಳಿದ.

"ಕೊಟ್ಟಿಗೆ ವಾಸನೆ. ಬೇಡಪ್ಪ."

"ಎಮ್ಮೆ ಕೊಟ್ಟಿಗೇಲಿ ಇರದೆ ನಿನ್ನ ನಡುಮನೇಲಿ ಇರುತ್ತೇನೋ?" ಎಂದಳು ಅಜ್ಜಿ. ಕ್ಯಾನು ಎತ್ತಿಕೊಂಡು, ಅವನ ಮೂಗು ಉದುರಿಹೋಗಲಿ ಎಂದು ದಾರಿಯುದ್ದಕ್ಕೂ ಹರಸುತ್ತ ಹೋದಳು. ನಾಳೆ ಕೊಟ್ಟಿಗೆ ಗುಡಿಸಿ, ಕೆಚ್ಚಲು ತೊಳೆದು, ಒಳ್ಳೆಯ ಹಾಲು ತರುತ್ತಾಳೆಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಬೈಗುಳ ಅವಳ ಹಕ್ಕು, ಬೇಡ ಎನ್ನುವುದು ಅವನ ಹಕ್ಕು. ಊರಿನ ಹಾಲು ಇಷ್ಟು ವರ್ಷ ಒಡೆಯದೆ ಇದ್ದದ್ದು ಈ ಎರಡು ಹಕ್ಕುಗಳ ಮೇಲೆ.

ಡೇರಿ ಮುಗಿಸಿ ಬೇಡಪ್ಪ ಕೈಗಾಡಿ ತಳ್ಳಿಕೊಂಡು ಊರಾಚೆಯ ಬಿಯರ್ ಕಾರ್ಖಾನೆಗೆ ಹೊರಟ. ಅಲ್ಲಿ ಬೇಯಿಸಿ ರಸ ತೆಗೆದ ಬಾರ್ಲಿಯ ಸಿಪ್ಪೆಯನ್ನು ಹೆಂಡತಿಯ ಹಸುಗಳಿಗೆಂದು ವಾರಕ್ಕೊಮ್ಮೆ ತರುತ್ತಿದ್ದ. ಕಾರ್ಖಾನೆಯೆಂದರೆ ಒಂದು ಹಳೆಯ ಗೋದಾಮು. ಯಜಮಾನ ಮೊದಲು ಪೇಂಟ್ ಅಂಗಡಿ ಇಟ್ಟಿದ್ದ. ಬಣ್ಣ ಕಲಸುವುದಕ್ಕೂ ಬಿಯರ್ ಕಲಸುವುದಕ್ಕೂ ದೊಡ್ಡ ವ್ಯತ್ಯಾಸವೇನೂ ಇರಲಾರದೆಂದು ಅಂಗಡಿ ಮಾರಿ, ಓಕ್ ಮರದ ದೊಡ್ಡ ದೊಡ್ಡ ಪೀಪಾಯಿಗಳನ್ನು ತರಿಸಿ, ಅವುಗಳಲ್ಲಿ ಏಲ್ ಎಂಬ ಒಂದು ಬಗೆಯ ಕಪ್ಪು ಬಿಯರ್ ತುಂಬಿ ಮಲಗಿಸಿದ್ದ. ಅದಕ್ಕೆ ಕಾರ್ಗತ್ತಲು ಎಂದು ಹೆಸರು. ಬಣ್ಣ ಲಾರಿಯ ಇಂಜಿನ್ನಿನಿಂದ ಇಳಿಸಿದ ಹಳೆ ಎಣ್ಣೆಯದು. ಅಮಲು ಎಂಥದೆಂದರೆ, ಒಂದು ಲೋಟ ಕುಡಿದವನು ಎರಡನೆಯದಕ್ಕೆ ಕೈ ಚಾಚುವಾಗ ಲೋಟವನ್ನೇ ಅಣ್ಣಾ ಎಂದು ಕರೆಯುತ್ತಿದ್ದ.

ಆ ದಿನ ಅಂಗಳದಲ್ಲಿ ಮೇಜು ಹಾಕಿ, ಬಿಳಿ ಬಟ್ಟೆ ಹಾಸಿ, ಸ್ಟಾರ್ ಸಾಹೇಬರನ್ನು ಕೂರಿಸಲಾಗಿತ್ತು. ಊರೂರು ತಿರುಗಿ ಏಲ್ ರುಚಿ ನೋಡಿ, ಅದಕ್ಕೆ ಇಷ್ಟು ಸ್ಟಾರು ಎಂದು ಫೋನಿನಲ್ಲಿ ಬರೆಯುವುದು ಅವರ ಉದ್ಯೋಗ. ಬರೆದದ್ದನ್ನು ನೋಡಿ ಕುಡಿಯುವವರ ದೊಡ್ಡ ಹಿಂಡೇ ಇತ್ತು. ಅವರು ಎರಡು ಸ್ಟಾರ್ ಕೊಟ್ಟರೆ ಕಾರ್ಖಾನೆಯ ಬಾಗಿಲಿಗೆ ಬೀಗ ಎಂದು ಪ್ರತೀತಿ. ಆದರೆ ಅಂದು ಸಾಹೇಬರು ಬೇಸರದಲ್ಲಿದ್ದರು. ಚಾಕೊಲೇಟು, ಕಾಫಿ, ಒಣದ್ರಾಕ್ಷಿ, ಸುಟ್ಟ ಸಕ್ಕರೆ ಎಂದು ಇದ್ದಬದ್ದ ಮಾತುಗಳನ್ನೆಲ್ಲ ಬೇರೆ ಬೇರೆ ಏಲ್‌ಗಳಿಗೆ ಖರ್ಚುಮಾಡಿ ಮುಗಿಸಿದ್ದರು. ಈ ಲೋಟಕ್ಕೆ ಹೇಳಲು ಒಂದೂ ಉಳಿದಿರಲಿಲ್ಲ. ಹೆಬ್ಬೆರಳು ಮೂರನೆಯ ಸ್ಟಾರಿನ ಹತ್ತಿರ ಅನುಮಾನಿಸುತ್ತ ನಿಂತಿತ್ತು. ಯಜಮಾನನ ಜೀವ ಆ ಹೆಬ್ಬೆರಳಿನ ಉಗುರಿನಲ್ಲಿತ್ತು.

ಕೈಗಾಡಿಯೊಂದಿಗೆ ನಿಂತ ಬೇಡಪ್ಪನನ್ನು ಸುಮ್ಮನೆ ನಿಲ್ಲಿಸಬಾರದೆಂದು ಯಜಮಾನ ಅವನ ಕೈಗೂ ಒಂದು ಲೋಟ ಕೊಟ್ಟ. ಬೇಡಪ್ಪ ಕುಡಿಯುವವನಲ್ಲ. ಆದರೆ ಪಾತ್ರೆಯಲ್ಲಿ ಏನನ್ನಾದರೂ ಹಾಕಿ ಕೈಗೆ ಕೊಟ್ಟರೆ ಅದು ಪರೀಕ್ಷೆಗೆ ಬಂದದ್ದು ಎಂದೇ ಅವನ ಕೈಗೆ ಅಭ್ಯಾಸ. ಮೂಗಿಳಿಸಿದ. ತಿರುಗಿಸಿದ. ಸೊರ್ ಎಂದು ಎಳೆದ. ಕಣ್ಣು ಮುಚ್ಚಿ ಎಷ್ಟು ಹೊತ್ತು ನಿಂತನೆಂದರೆ ಸಾಹೇಬರು ಫೋನಿನಿಂದ ತಲೆ ಎತ್ತಿ ನೋಡಿದರು. ಆಮೇಲೆ ಚರಂಡಿಗೆ ಗುರಿಯಿಟ್ಟು ಉಗುಳಿ, ತುಟಿ ಒರೆಸಿಕೊಂಡು ಹೇಳಿದ:

"ಪೀಪಾಯಿ ತೊಳೆದಿಲ್ಲ. ಮೊದಲು ಹಸಿ ಹಲಗೆ ವಾಸನೆ ಬರುತ್ತೆ. ಅದರ ಹಿಂದೆ ನೆನೆದ ಗೋಣಿಚೀಲ. ಮಧ್ಯದಲ್ಲಿ ಹಳೇ ಚಪ್ಪಲಿ ಚರ್ಮ. ಕೊನೇಲಿ ಕೊಟ್ಟಿಗೆ. ಹುಳಿಗೂ ತಿರುಗ್ತಾ ಇದೆ. ಬೇಡಪ್ಪ."

ಯಜಮಾನನ ಮುಖದಲ್ಲಿದ್ದ ರಕ್ತ ಎಲ್ಲಿಗೆ ಹೋಯಿತೋ ತಿಳಿಯದು. ಸ್ಟಾರ್ ಸಾಹೇಬರು ಮಾತ್ರ ಕುರ್ಚಿಯಿಂದ ನಿಧಾನವಾಗಿ ಎದ್ದರು. ಇನ್ನೊಮ್ಮೆ ಹೇಳಬೇಕೆಂದು ಕೇಳಿಕೊಂಡರು. ಬೇಡಪ್ಪ ಇನ್ನೊಮ್ಮೆ ಹೇಳಿದ. ಅವರು ತಾವೂ ಒಂದು ಗುಟುಕು ತೆಗೆದುಕೊಂಡು, ಹೌದು, ಹಲಗೆ. ಹೌದು ಹೌದು, ಚರ್ಮ, ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡರು. ಈ ವಿದ್ಯೆ ಯಾರಿಂದ ಕಲಿತಿರಿ ಎಂದರು. ಸೋದರಮಾವನಿಂದ ಎಂದ ಬೇಡಪ್ಪ. ಪರಂಪರೆ, ಎಂದು ಸಾಹೇಬರು ಬರೆದುಕೊಂಡರು. ದಿನಕ್ಕೆ ಎಷ್ಟು ರುಚಿ ನೋಡುತ್ತೀರಿ ಎಂದರು. ಬೆಳಿಗ್ಗೆ ಮೂವತ್ತು ನಲವತ್ತು, ಸಂಜೆ ಅಷ್ಟೇ, ಎಂದ. ಸಾಹೇಬರು ಕೈಯಲ್ಲಿದ್ದ ಲೋಟವನ್ನು ಗೌರವದಿಂದ ಕೆಳಗಿಟ್ಟರು.

"ಅಷ್ಟರಲ್ಲಿ ಒಂದನ್ನೂ ಕುಡಿಯೋದಿಲ್ವೆ?"

"ಕುಡಿದರೆ ಕೆಲಸ ಹೇಗೆ ಮಾಡೋದು ಸ್ವಾಮಿ?"

ಇಷ್ಟು ಸಾಕಾಯಿತು. ಕೊನೆಯಲ್ಲಿ ಬೇಡಪ್ಪ ಎಂದರಲ್ಲ, ಅದರ ಅರ್ಥವೇನು ಎಂದು ಸಾಹೇಬರು ಯಜಮಾನನನ್ನು ಕೇಳಿದರು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. ಇನ್ನು ಮಾತೇ ಬೇಡ ಅಂತ ಸರ್, ಎಂದ ಯಜಮಾನ. ಸಾಹೇಬರು ಕಣ್ಣೊರೆಸಿಕೊಂಡು ಅದನ್ನೂ ಬರೆದುಕೊಂಡು ಐದನೆಯ ಸ್ಟಾರನ್ನು ಒತ್ತಿದರು.

ಬೇಡಪ್ಪ ಪಕ್ಕದಿಂದ ಇಣುಕಿ ಆ ಸ್ಟಾರುಗಳನ್ನು ಎಣಿಸಿದ. ಹಲಗೆ, ಗೋಣಿ, ಚರ್ಮ, ಕೊಟ್ಟಿಗೆ, ಹುಳಿ. ತಾನು ಹೇಳಿದ್ದು ಐದು ದೋಷ, ಸಾಹೇಬರು ಹಾಕಿದ್ದು ಐದು ನಕ್ಷತ್ರ. ಲೆಕ್ಕ ಸರಿಯಾಗಿದೆ, ಓದಿದವರಾದರೂ ನೆಟ್ಟಗೆ ಕೆಲಸ ಮಾಡುತ್ತಾರೆ ಎಂದುಕೊಂಡ. ಪಾಪ, ಯಜಮಾನನ ಸರಕು ಪೂರ್ತಿ ಹೋಯಿತು ಎಂದು ಮರುಗಿ, ಬಾರ್ಲಿಸಿಪ್ಪೆ ತುಂಬಿಕೊಳ್ಳುವಾಗ ಎರಡು ಒಳ್ಳೆಯ ಮಾತನ್ನೂ ಹೇಳಿದ. ಪೀಪಾಯಿಗಳಿಗೆ ಕುದಿಯುವ ನೀರು, ತೊಳೆಯುವ ಸೋಡಾ ಹಾಕಿ ತಿಕ್ಕಬೇಕು. ಬೋರಲು ಹಾಕಿ ಬಿಸಿಲಿಗೆ ಒಣಗಿಸಬೇಕು. ನಮ್ಮ ಕ್ಯಾನಿಗೆ ನಾವು ಮಾಡೋದೇ ಅಷ್ಟು. ಯಜಮಾನ ಕೈಕಟ್ಟಿ ನಿಂತು ಕೇಳಿಸಿಕೊಂಡ. ದೊಡ್ಡವರು ತಮ್ಮ ಗುಟ್ಟನ್ನು ಹೀಗೆಯೇ ಬಾಗಿಲ ಬಳಿ, ಹೋಗುವಾಗ ಹೇಳಿ ಹೋಗುತ್ತಾರೆಂದು ಅವನು ಎಲ್ಲೋ ಕೇಳಿದ್ದ. ಆ ವಾರವೇ ಪೀಪಾಯಿಗಳಲ್ಲಿದ್ದುದನ್ನೆಲ್ಲ ಬಾಟಲಿಗೆ ಇಳಿಸಿ, ಪೀಪಾಯಿಗಳನ್ನು ತಿಕ್ಕಿಸಿ, ಒಣಗಿಸಿ, ಹೊಸ ಏಲ್ ತುಂಬಿ ಮಲಗಿಸಿದ.

ಬಿಸಿಲು ಏರುತ್ತ ಹೋದಂತೆ ಕಾರ್ಖಾನೆಯ ಮುಂದೆ ಕಾರುಗಳು ನಿಲ್ಲತೊಡಗಿದವು. ಕಾರ್ಗತ್ತಲಿನ ಬಾಟಲಿಯ ಮೇಲೆ ಹೊಸ ಚೀಟಿ ಬಂತು. ಮೊದಲಿಗೆ ಹಸಿ ಹಲಗೆ, ಹಿಂದೆ ನೆನೆದ ಗೋಣಿ, ನಡುವೆ ಹಳೆಯ ಚರ್ಮ, ಕೊನೆಗೆ ಕೊಟ್ಟಿಗೆ. ಇನ್ನು ಮಾತು ಬೇಡ, ಎಂದು ಅದರ ಮೇಲೆ ಅಚ್ಚಾಗಿತ್ತು. ಕೆಳಗೆ ಸೌಟು ಹಿಡಿದ ಕೈಯ ಚಿತ್ರ. ಕಾರಿನಿಂದ ಇಳಿದವರು ಮೂಗು ಕಿವುಚಿಕೊಂಡು ಕುಡಿದು, ಆಹಾ ಕೊಟ್ಟಿಗೆ, ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಅವರಲ್ಲಿ ಒಬ್ಬರೂ ಹುಟ್ಟಿದಾರಭ್ಯ ಕೊಟ್ಟಿಗೆಗೆ ಕಾಲಿಟ್ಟವರಲ್ಲ.

ದೋಷವನ್ನು ಚೀಟಿಯ ಮೇಲೆ ಅಚ್ಚುಹಾಕಿಸಿ ಮಾರುವ ಯಜಮಾನನ ಪ್ರಾಮಾಣಿಕತೆಗೆ ಬೇಡಪ್ಪ ಬೆರಗಾದ. ಗೊತ್ತಿದ್ದೂ ಕೊಂಡು ಕುಡಿಯುವ ಜನಕ್ಕೆ ಇನ್ನೂ ಬೆರಗಾದ. ಆದರೆ ದಾರಿಯಲ್ಲಿ ಕಾರು ನಿಲ್ಲಿಸಿ, ನಾಲಿಗೆ ಇವರದ್ದೇ ಅಲ್ವಾ, ಎಂದು ಫೋಟೋ ತೆಗೆಸಿಕೊಳ್ಳುವವರು ಬಂದ ಮೇಲೆ ಬೆರಗು ಬಿಟ್ಟು ಕುತ್ತಿಗೆಗೆ ಒಂದು ರೇಷ್ಮೆ ಕರ್ಚೀಫು ಕಟ್ಟಿದ. ಬಿಳಿ ಕೋಟಿಗೆ ಇಸ್ತ್ರಿ ಬಂತು. ಸೌಟನ್ನು ಹೆಗಲ ಮೇಲೆ ಹೊತ್ತು ನಡೆಯತೊಡಗಿದ. ಒಂದು ಸಂಜೆ ಹೆಂಡತಿ ಕೊಟ್ಟ ಟೀಯನ್ನು ತಿರುಗಿಸಿ, ಮೂಸಿ, ಸೊರ್ ಎಂದು ಎಳೆದು, ಮೊದಲಿಗೆ ಹೊಗೆ, ನಡುವೆ ಸೀದ ಹಾಲು, ಎಂದು ಶುರುಮಾಡಿದ.

"ಕೊನೆಗೆ ಪಾತ್ರೆ," ಎಂದಳು ಹೆಂಡತಿ. "ಅದನ್ನ ನೀವೇ ತೊಳೀತೀರಿ." ಅವನು ತೊಳೆದ.

ಬಿಸಿಲು ನೆತ್ತಿಗೆ ಬಂದ ತಿಂಗಳಲ್ಲಿ ಎಮ್ಮೆ ಅಜ್ಜಿ ಮತ್ತೆ ಸಾಲಿನಲ್ಲಿ ಬಂದಳು. ಬೇಡಪ್ಪ ಮೂಗಿಳಿಸಿ, ಕೊಟ್ಟಿಗೆ ಎಂದ. ಬೇಡಪ್ಪ ಎನ್ನುವ ಮೊದಲೇ ಅಜ್ಜಿ ಸೆರಗಿನ ಗಂಟಿನಿಂದ ಖಾಲಿ ಬಾಟಲಿಯೊಂದನ್ನು ತೆಗೆದು ಕಟ್ಟೆಯ ಮೇಲೆ ಕುಟ್ಟಿ ಇಟ್ಟಳು. ಹಿಂದೆ ನಿಂತಿದ್ದ ದರ್ಜಿಗೆ ಅದರ ಮೇಲಿನದನ್ನು ಗಟ್ಟಿಯಾಗಿ ಓದು ಎಂದಳು. ಅವನು ಓದಿದ.

"ಕೇಳಿದ್ರೇನ್ರಪ್ಪಾ? ಅವರ ಪೀಪಾಯಿಗೆ ಕೊಟ್ಟಿಗೆ ಅಂದ್ರೆ ಐದು ಸ್ಟಾರು. ನನ್ನ ಕ್ಯಾನಿಗೆ ಕೊಟ್ಟಿಗೆ ಅಂದ್ರೆ ಮನೆಗೆ ವಾಪಸ್ಸು. ನನ್ನ ಎಮ್ಮೆ ಯಾವ ಜನ್ಮದ ಪಾಪ ಮಾಡಿತ್ತು?"

ಐದು ಸ್ಟಾರು ಎಂದರೆ ಐದು ದೋಷ, ಅದನ್ನು ಹಾಕಿದಾಗ ತಾನೇ ಪಕ್ಕದಲ್ಲಿದ್ದೆ, ಎಂದು ಬೇಡಪ್ಪ ತಾಳ್ಮೆಯಿಂದ ತಿಳಿಹೇಳಿದ. ಸಾಲಿಗೆ ಸಾಲೇ ಅವನನ್ನು ಕನಿಕರದಿಂದ ನೋಡಿತು. ಐದು ಸ್ಟಾರು ಎಂದರೆ ಅದಕ್ಕಿಂತ ಮೇಲಿಲ್ಲ ಎಂದರ್ಥ, ಹೋಟೆಲಿನವರಿಂದ ಹಿಡಿದು ಕ್ಷೌರದವರವರೆಗೆ ಎಲ್ಲರಿಗೂ ಗೊತ್ತು, ಎಂದು ದರ್ಜಿ ಬಿಡಿಸಿ ಹೇಳಿದ. ಬೇಡಪ್ಪ ಮೊದಲ ಬಾರಿಗೆ ಸೌಟನ್ನು ಕಟ್ಟೆಯ ಮೇಲೆ ಇಟ್ಟ. ಅಷ್ಟು ದಿನ ಫೋಟೋ ತೆಗೆಸಿಕೊಂಡವರ ಮುಖಗಳೆಲ್ಲ ಕಣ್ಣ ಮುಂದೆ ಬಂದವು. ಬೇಡ ಎಂದದ್ದನ್ನು ಜನ ಬೇಕು ಎಂದು ಕೇಳಿಸಿಕೊಂಡಿದ್ದಾರೆ. ಹಾಗಿದ್ದರೆ ಇಷ್ಟು ವರ್ಷ ತಾನು ಬೇಡ ಎಂದದ್ದರಲ್ಲಿ ಎಷ್ಟು ಬೇಕಾಗಿತ್ತೋ.

ಈ ಗೊಂದಲದಲ್ಲಿ ಅವನ ಬಾಯಿಂದ "ಹಾಕಿ" ಎಂದು ಬಂದುಬಿಟ್ಟಿತು.

ಒಂದು ಹಾಕಿ ಹೊರಟರೆ ಮುಗಿಯಿತು, ತೂಬು ಕಿತ್ತ ಕೆರೆ. ದರ್ಜಿಯ ಹಾಲಿನಲ್ಲಿ ಗೋಣಿಯ ವಾಸನೆಯಿತ್ತು. ಗೋಣಿಯೂ ಸ್ಟಾರ್ ಸಾಹೇಬರು ಮೆಚ್ಚಿದ್ದೇ ಅಲ್ಲವೆ ಎಂದ. ಮರುದಿನ ಒಬ್ಬ ಕ್ಯಾನು ಬಿಟ್ಟು ಕಾರ್ಖಾನೆಯವರು ಬಿಸಾಕಿದ ಸಣ್ಣ ಪೀಪಾಯಿಯಲ್ಲೇ ಹಾಲು ಹೊತ್ತು ತಂದು, ಹಲಗೆ ವಾಸನೆ ಹೆಚ್ಚಿಗೆ ಬರಲಿ ಅಂತ ರಾತ್ರಿಯೇ ಹಾಕಿಟ್ಟಿದ್ದೆ, ಎಂದ. ಕೊಟ್ಟಿಗೆ ಗುಡಿಸುವುದನ್ನು ಊರು ನಿಲ್ಲಿಸಿತು. ಗುಡಿಸಿದವರನ್ನು, ಇವರಿಗೆ ರುಚಿ ಗೊತ್ತಿಲ್ಲ, ಎಂದು ಆಡಿಕೊಂಡಿತು. ಬೇಡಪ್ಪ ಒಂದಕ್ಕೆ ಬೇಡ ಎನ್ನುವನು, ಬಾಟಲಿ ಕಟ್ಟೆಯ ಮೇಲೆ ಬರುವುದು, ಹಾಕಿ ಎನ್ನುವನು. ಒಂದು ಕೊಡ ಹಾಲಿಗೆ ಒಂದು ಹನಿ ಹುಳಿ ಸಾಕು. ಇಲ್ಲಿ ಹುಳಿಯೇ ಕೊಡಗಟ್ಟಲೆ ಬಂದಿತ್ತು. ಮಧ್ಯಾಹ್ನದ ಬಿಸಿಲಿಗೆ ಟ್ಯಾಂಕಿಗೆ ಟ್ಯಾಂಕೇ ಒಡೆದು, ಲಾರಿಯವನು ದೊಡ್ಡ ಡೇರಿಯಲ್ಲಿ ನಲ್ಲಿ ತಿರುಗಿಸಿದಾಗ ಹಾಲು ಸುರಿಯಲಿಲ್ಲ, ಗಡ್ಡೆಗಡ್ಡೆಯಾಗಿ ಇಳಿಯಿತು.

ದೊಡ್ಡ ಡೇರಿಯಿಂದ ಮೇಲ್ವಿಚಾರಕಿ ಮೇಡಂ ಜೀಪಿನಲ್ಲಿ ಬಂದರು. ಅವರು ಕೂಗಾಡುವವರಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರು, ಬಾಟಲಿಯ ಚೀಟಿ ಓದಿದರು, ಬೇಡಪ್ಪನ ಕುತ್ತಿಗೆಯ ಕರ್ಚೀಫನ್ನು ಮಾತ್ರ ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

"ನಿಮ್ಮ ನಾಲಿಗೆ ಕೆಟ್ಟಿಲ್ಲ. ನಿಮ್ಮ ಮಾತು ಕೆಟ್ಟಿದೆ. ನೀವು ಬೇಡ ಅಂದ್ರೆ ಜನ ಬೇಡ ಅಂತ ತಿಳ್ಕೋಬೇಕು. ಮಳೆ ಬೀಳೋ ಹೊತ್ತಿಗೆ ಅದು ಸರಿಹೋಗದಿದ್ರೆ ಸೌಟು ಬೇರೆಯವರ ಕೈಗೆ ಹೋಗುತ್ತೆ. ನಿಮಗೆ ಕ್ಯಾನ್ ತೊಳೆಯೋ ಕೆಲಸ."

ಕ್ಯಾನು ತೊಳೆಯುವುದು ಕೀಳು ಕೆಲಸವಲ್ಲ. ಆದರೆ ಸೋದರಮಾವ ತನ್ನ ಸೌಟನ್ನು ಕೈಗಿತ್ತಾಗ ಮಾವನ ಮಕ್ಕಳೆಲ್ಲ ಎದುರಿಗಿದ್ದರು, ಅವರಲ್ಲಿ ಯಾರಿಗೂ ಕೊಡದೆ ಇವನಿಗೆ ಕೊಟ್ಟಿದ್ದ. ಆ ಸೌಟು ಕೈಬಿಟ್ಟರೆ ಬೇಡಪ್ಪನಲ್ಲಿ ಉಳಿಯುವುದು ಸಂಬಳದ ಚೀಟಿಯ ಮೇಲಿನ ಆ ಯಾರಿಗೂ ಗೊತ್ತಿಲ್ಲದ ಹೆಸರೊಂದೇ. ಅವನು ಕರ್ಚೀಫು ಬಿಚ್ಚಿ ಜೇಬಿಗೆ ತುರುಕಿಕೊಂಡು ಸೀದಾ ಕಾರ್ಖಾನೆಗೆ ನಡೆದ. ಬಾಟಲಿಯ ಮೇಲಿಂದ ತನ್ನ ಮಾತನ್ನು ತೆಗೆಯಬೇಕೆಂದು ಕೇಳಿಕೊಂಡ. ಅದು ಹೊಗಳಿಕೆಯಲ್ಲ, ಬೈಗುಳ, ಎಂದು ತೊದಲಿದ. ಯಜಮಾನ ಅವನ ಎರಡೂ ಕೈ ಹಿಡಿದುಕೊಂಡು, ಅದು ತನಗೆ ಮೊದಲಿನಿಂದಲೂ ಗೊತ್ತು ಎಂದ. ನಿಮ್ಮ ಬೈಗುಳದ ಮೇಲೆ ಈ ಗೋದಾಮಿನ ಛಾವಣಿ ನಿಂತಿದೆ, ಎಂದ. ಹೊಸ ಏಲ್ ತುಂಬಿದ ಪೀಪಾಯಿಗಳು ಇನ್ನೇನು ತೆರೆಯುತ್ತವೆ, ಸ್ಟಾರ್ ಸಾಹೇಬರು ತಮ್ಮ ಹಿಂಡಿನ ಸಮೇತ ಬರುತ್ತಾರೆ, ಊರಿನವರಿಗೂ ಹೇಳಿದ್ದೇನೆ, ನೀವು ಬಂದು ಇನ್ನೂ ನಾಲ್ಕು ಬೈದರೆ ಈ ಜನ್ಮ ಸಾರ್ಥಕ, ಎಂದು ಕಾಲಿಗೆ ಬೀಳುವುದರಲ್ಲಿದ್ದ.

ಊರಿನವರಿಗೂ ಹೇಳಿದ್ದಾನೆಂದು ಕೇಳಿ ಬೇಡಪ್ಪನಿಗೆ ದಾರಿ ಕಂಡಂತಾಯಿತು. ಎಲ್ಲರ ಎದುರಿಗೆ, ಬೇರೆ ಅರ್ಥಕ್ಕೆ ಎಡೆಯೇ ಇಲ್ಲದ ಹಾಗೆ, ಇದು ಕೆಟ್ಟದ್ದು ಎಂದು ಹೇಳಿಬಿಡುವುದು. ಮನೆಯಲ್ಲಿ ಹೆಂಡತಿ ಅದನ್ನು ಇನ್ನೂ ಚಿಕ್ಕದು ಮಾಡಿದಳು. "ಹಲಗೆ ಗೋಣಿ ಅಂತ ವರ್ಣನೆಗೆ ಹೋಗ್ಬೇಡಿ. ಬೇಡ ಅನ್ನಿ. ಮನೆಗೆ ಬನ್ನಿ. ಅಷ್ಟೇ." ಅವನು ದಾರಿಯುದ್ದಕ್ಕೂ ಆ ಒಂದು ಮಾತನ್ನು ಬಾಯಲ್ಲಿ ಕಲ್ಲುಸಕ್ಕರೆಯಂತೆ ಇಟ್ಟುಕೊಂಡು ಹೋದ.

ಅಂಗಳದಲ್ಲಿ ಶಾಮಿಯಾನ ಹಾಕಿತ್ತು. ಮುಂದೆ ಸ್ಟಾರ್ ಸಾಹೇಬರು, ಅವರ ಹಿಂದೆ ಅವರಂತೆಯೇ ಗಡ್ಡ ಬಿಟ್ಟ ಹಿಂಡು, ಎಲ್ಲರ ಕೈಯಲ್ಲೂ ಫೋನು. ಹಿಂದಿನ ಬೆಂಚುಗಳ ಮೇಲೆ ಹಾಲಿನ ಸಾಲು ಅದೇ ಸಾಲಿನ ಕ್ರಮದಲ್ಲಿ ಕೂತಿತ್ತು. ಎಮ್ಮೆ ಅಜ್ಜಿ ಕೋಲು ಊರಿಕೊಂಡು ಮೊದಲಲ್ಲಿ. ಮೇಡಂ ಬಂದು ಪಕ್ಕದ ಕಂಬಕ್ಕೆ ಒರಗಿ ನಿಂತರು. ಯಜಮಾನ ಪೀಪಾಯಿಗೆ ತೂತು ಕೊರೆದು, ಲೋಟ ತುಂಬಿಸಿ, ಎರಡೂ ಕೈಯಲ್ಲಿ ಬೇಡಪ್ಪನಿಗೆ ನೀಡಿದ.

ಮೂಗಿಳಿಸಿದ. ತಿರುಗಿಸಿದ. ಸೊರ್ ಎಂದು ಎಳೆದ. ಕಣ್ಣು ಮುಚ್ಚಿದ. ಶಾಮಿಯಾನದ ಕೆಳಗೆ ಫೋನುಗಳೆಲ್ಲ ಮೇಲೆದ್ದವು.

ಬೇಡಪ್ಪನ ಹುಬ್ಬು ಗಂಟಾಯಿತು. ಇನ್ನೊಂದು ಗುಟುಕು ತೆಗೆದುಕೊಂಡ. ಹಲಗೆಯನ್ನು ಹುಡುಕಿದ, ಸಿಗಲಿಲ್ಲ. ಗೋಣಿಯ ಸುಳಿವಿರಲಿಲ್ಲ. ಚಪ್ಪಲಿ, ಕೊಟ್ಟಿಗೆ, ಹುಳಿ, ಒಂದೂ ಇಲ್ಲ. ಸೋಡಾ ಹಾಕಿ ತಿಕ್ಕಿದ ಪೀಪಾಯಿಯಲ್ಲಿ ಮಲಗಿದ್ದ ಏಲ್ ತೊಳೆದಿಟ್ಟ ಕ್ಯಾನಿನಷ್ಟು ಶುಭ್ರವಾಗಿತ್ತು. ಬಾಯಲ್ಲಿ ಸಿದ್ಧವಾಗಿದ್ದ ಬೇಡ ಎಂಬ ಮಾತು ಹಲ್ಲಿನ ತನಕ ಬಂದು ನಿಂತಿತು. ಹೆಂಡತಿ ಕಣ್ಣ ಮುಂದೆ ಬಂದಳು, ಸೌಟು ಬಂತು, ಕ್ಯಾನು ತೊಳೆಯುವ ನಲ್ಲಿ ಬಂತು. ಅಷ್ಟೆಲ್ಲ ಬಂದರೂ ಸರಿಯಿದ್ದುದನ್ನು ಸರಿಯಿಲ್ಲ ಎನ್ನಲು ನಾಲಿಗೆ ಬಾಗಲಿಲ್ಲ. ಅವನು ಉಗುಳಿ, ತುಟಿ ಒರೆಸಿಕೊಂಡು, ಸೋತವನ ದನಿಯಲ್ಲಿ ಹೇಳಿದ:

"ಚೆನ್ನಾಗಿದೆ. ಏನೂ ವಾಸನೆ ಇಲ್ಲ. ಶುದ್ಧವಾಗಿದೆ. ಯಾರು ಬೇಕಾದ್ರೂ ಕುಡೀಬಹುದು. ಹಾಕಿ."

ಸ್ಟಾರ್ ಸಾಹೇಬರು ಕಪಾಳಕ್ಕೆ ಪೆಟ್ಟು ಬಿದ್ದವರಂತೆ ಕೂತಿದ್ದರು.

"ಶುದ್ಧ?" ಎಂದರು. "ಯಾರು ಬೇಕಾದ್ರೂ?"

"ಹೌದು ಸ್ವಾಮಿ. ಮಗೂಗೆ ಹಾಲು ಕುಡಿಸಿದ ಹಾಗೆ ಇದೆ."

ಹಿಂಡಿನಲ್ಲಿ ಒಬ್ಬ ಮುಖ ಮುಚ್ಚಿಕೊಂಡ. ಸಾಹೇಬರು ತಮ್ಮ ಲೋಟದಿಂದ ಒಂದು ಗುಟುಕು ಕುಡಿದು, ತಲೆಯಾಡಿಸಿ, ಹೌದು, ಶುದ್ಧ, ಎಂದು ಸಾವಿನ ಸುದ್ದಿ ಹೇಳುವಂತೆ ಹೇಳಿದರು. ಹಿಂಡೂ ಒಬ್ಬೊಬ್ಬರಾಗಿ ಕುಡಿದು, ಶುದ್ಧ, ಶುದ್ಧ, ಎಂದು ಲೋಟ ಕೆಳಗಿಟ್ಟಿತು. ಲೋಟ ಮಾತ್ರ ಎಲ್ಲರದೂ ಖಾಲಿಯಾಗಿತ್ತು, ಕೆಲವರು ಎರಡನೆಯದನ್ನೂ ಖಾಲಿ ಮಾಡಿ ದುಃಖಪಟ್ಟರು. ಸಾಹೇಬರು ಎರಡು ಸ್ಟಾರ್ ಒತ್ತಿದರು. ಕೆಳಗೆ, ಸೌಟಿನವನ ನಾಲಿಗೆ ಸತ್ತಿದೆ, ಅವನಿಗೆ ಈಗ ಎಲ್ಲವೂ ಹಾಲು, ಎಂದು ಬರೆದು ಕಾರು ಹತ್ತಿದರು. ಯಜಮಾನ ಪೀಪಾಯಿಯ ಮೇಲೆ ತಲೆಗೆ ಕೈಹೊತ್ತು ಕೂತ. ಮೇಡಂ ಜೀಪಿನ ಕಡೆ ಹೋದರು.

ಬೇಡಪ್ಪ ಆ ರಾತ್ರಿ ಹೆಂಡತಿಗೆ ಎಲ್ಲವನ್ನೂ ಹೇಳಿ, ಕ್ಯಾನು ತೊಳೆಯಲು ಯಾವ ಬ್ರಷ್ಷು ಒಳ್ಳೆಯದು ಎಂದು ಕೇಳಿದ. ಅವಳು ದೀಪ ಆರಿಸಿದಳು.

ಮುಂಜಾನೆ ಸಾಲು ಎಂದಿನಂತೆ ಬೆಳೆದಿತ್ತು. ಎಮ್ಮೆ ಅಜ್ಜಿ ಮುಂದೆ ಬಂದು ಕ್ಯಾನು ಇಟ್ಟಳು. ಬೇಡಪ್ಪ ಮೂಗಿಳಿಸಿದ. ಕೊಟ್ಟಿಗೆ. ಸೌಟಿನ ಹಿಡಿಯನ್ನು ಬಿಗಿಯಾಗಿ ಹಿಡಿದು ಹೇಳಿದ: "ಬೇಡಪ್ಪ."

ಬಾಟಲಿ ಹೊರಬರುತ್ತದೆಂದು ಕಾದ. ಬರಲಿಲ್ಲ. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನಿನ್ನೆ ಅಷ್ಟು ಜನ ದೊಡ್ಡವರು ನಿನ್ನ ಬಾಯಿ ಕಾಯ್ಕೊಂಡು ಕೂತಿದ್ರು. ಒಂದು ಸುಳ್ಳು ಹೇಳಿದ್ರೆ ನಿನ್ನನ್ನ ಹೊತ್ತು ಮೆರೆಸ್ತಿದ್ರು. ಹೇಳೋಕೆ ಬರ್ಲಿಲ್ಲ ಅಲ್ವೇನೋ ಪೆದ್ದಾ?"

"ಬರ್ಲಿಲ್ಲ ಅಜ್ಜಿ."

"ಹಾಗಾದ್ರೆ ನನ್ನ ಹಾಲು ಕೆಟ್ಟಿದ್ದೇ ನಿಜ," ಎಂದು ಕ್ಯಾನು ಎತ್ತಿಕೊಂಡಳು. ಅವನ ಮೂಗು ಉದುರಿಹೋಗಲಿ ಎಂದು ಹರಸುತ್ತ ಹೋದಳು. ಅವಳ ಹಿಂದಿನ ದರ್ಜಿ ತನ್ನ ಸರದಿ ಬರುವ ಮೊದಲೇ ತಾನಾಗಿ ಕ್ಯಾನು ಹೊತ್ತು ಮನೆಗೆ ತಿರುಗಿದ. ಆ ವಾರ ಊರಿನಲ್ಲಿ ಪೊರಕೆಗಳ ಸದ್ದು ಕೇಳಿಸಿತು. ಮೊದಲ ಮಳೆ ಬಿದ್ದ ದಿನ ಮೇಡಂ ಬಂದು, ಟ್ಯಾಂಕು ಮೂಸಿ ನೋಡಿ, ಸೌಟಿನ ಮಾತೇ ಎತ್ತದೆ, ಛತ್ರಿ ಬಿಡಿಸಿಕೊಂಡು ಹೋದರು.

ಸುಖವಾಗಿ ಮುಗಿಯಿತು ಎನ್ನುವಷ್ಟರಲ್ಲಿ ಒಂದು ಬೆಳಿಗ್ಗೆ ಸಾಲಿನಲ್ಲಿ, ಹಾಲಿನ ಕ್ಯಾನುಗಳ ನಡುವೆ, ಯಜಮಾನ ಒಂದು ಬಾಟಲಿ ಹಿಡಿದು ನಿಂತಿದ್ದ. ಗಡ್ಡ ಬೆಳೆದಿತ್ತು. ಸಾಲು ಮುರಿಯದೆ ತನ್ನ ಸರದಿ ಬರುವ ತನಕ ಕಾದು, ಬಾಟಲಿಯನ್ನು ಕಟ್ಟೆಯ ಮೇಲಿಟ್ಟ. ಕಾರುಗಳು ನಿಂತುಹೋಗಿವೆ ಎಂದ. ಏಲ್ ಚೆನ್ನಾಗಿದೆ ಎಂದು ಗೊತ್ತಾದ ಮೇಲೆ ಯಾರೂ ಕೊಳ್ಳುತ್ತಿಲ್ಲ ಎಂದ. ಪೀಪಾಯಿ ತಿಕ್ಕಲು ಹೇಳಿದವರು ನೀವು, ತಿಕ್ಕಿದವನು ನಾನು. ನಿಮ್ಮ ಮಾತು ಕೇಳಿ ಹಾಳಾದೆ, ಆ ಬಾಬ್ತು ನೀವು ನನಗೆ ಒಂದು ಬೈಗುಳ ಕೊಡಬೇಕು, ಎಂದ.

ಬೇಡಪ್ಪ ಯೋಚಿಸಿ ನೋಡಿದ. ನ್ಯಾಯವಾದ ಬಾಕಿಯೇ. ಒಪ್ಪಿಕೊಂಡ.

ಎಮ್ಮೆ ಅಜ್ಜಿ ಹಿಂದಿನಿಂದ, ಬೈಗುಳ ಬೇಕಾದರೆ ನನ್ನ ಹತ್ತಿರ ಬೇಕಾದಷ್ಟಿದೆ, ಪುಗಸಟ್ಟೆ ಕೊಡುತ್ತೇನೆ, ಎಂದಳು. ಯಜಮಾನ ಕೈಮುಗಿದು, ನಿಮ್ಮ ಬೈಗುಳಕ್ಕೆ ಸ್ಟಾರ್ ಇಲ್ಲ ಅಜ್ಜಿ, ಎಂದ. ಅಜ್ಜಿ ಅದೂ ಒಂದು ಕೊಟ್ಟಳು. ಅದು ಬರೆಯುವಂಥದಲ್ಲ.

ಬೇಡಪ್ಪ ಬಾಟಲಿ ತೆರೆದ. ಸೌಟಿಗೆ ಸುರಿದುಕೊಂಡು ಮೂಗಿಳಿಸಿದ, ತಿರುಗಿಸಿದ, ಸೊರ್ ಎಂದು ಎಳೆದ. ಕಣ್ಣು ಮುಚ್ಚಿ ಪ್ರಾಮಾಣಿಕವಾಗಿ ಹುಡುಕಿದ. ಹಲ್ಲಿನ ಹಿಂದೆ ಹುಡುಕಿದ, ಅಂಗುಳಲ್ಲಿ ಹುಡುಕಿದ, ಒಂದು ಚೂರು ಗೋಣಿಯಾದರೂ ಸಿಕ್ಕೀತೇ ಎಂದು ನಾಲಿಗೆಯ ಬುಡದವರೆಗೂ ಹೋಗಿ ಬಂದ. ಯಜಮಾನನ ತುಟಿ ಆಸೆಯಿಂದ ತಾನೂ ಅಲ್ಲಾಡುತ್ತಿತ್ತು.

ಬೇಡಪ್ಪ ಉಗುಳಿದ. ಯಜಮಾನನ ಮುಖ ನೋಡಲಾರದೆ ಚರಂಡಿಯನ್ನು ನೋಡಿದ.

"ಮುಂದಿನ ವಾರ ಬನ್ನಿ ಯಜಮಾನರೇ," ಎಂದ. "ಇವತ್ತೂ ಚೆನ್ನಾಗೇ ಇದೆ."